ಪೆರೊವ್‌ಸ್ಕೈಟ್ ಲೇಸರ್: ಶಾಖ ತಾಳಿದರಷ್ಟೇ ಬೆಳಕು

ಚಿತ್ರದುರ್ಗ: ಏಪ್ರಿಲ್–ಮೇ ತಿಂಗಳಲ್ಲಿ ಕೋಟೆನಾಡಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರುವುದು ಹೊಸತೇನಲ್ಲ. ಆದರೆ ನೆರಳಿನಲ್ಲಿ ಅಳೆದ ಉಷ್ಣಾಂಶಕ್ಕೂ ಬಿಸಿಲಿಗೆ ಮೈಯೊಡ್ಡಿ ನಿಂತ ವಸ್ತುವಿನ ಉಷ್ಣಾಂಶಕ್ಕೂ ಅಜಗಜಾಂತರ. ಹಿರಿಯೂರಿನ ಬಯಲಿನಲ್ಲೋ ಹೊಸದುರ್ಗದ ತೋಟದ ಪಂಪ್‌ಸೆಟ್ ಮನೆಯ ಮೇಲೋ ಕೂತ ಸೌರಫಲಕ ಅಂಥ ದಿನಗಳಲ್ಲಿ 65ರಿಂದ 70 ಡಿಗ್ರಿಯವರೆಗೆ ಕಾಯುತ್ತದೆ. ಇಂದಿನ ಸಿಲಿಕಾನ್ ಫಲಕ ಈ ಬಿಸಿಯನ್ನು ತಾಳಿಕೊಂಡು ಇಪ್ಪತ್ತೈದು ವರ್ಷ ಬಾಳುತ್ತದೆ. ಸಿಲಿಕಾನ್‌ನ ಸ್ಥಾನಕ್ಕೆ ಬರಲಿದೆ ಎಂದು ಜಗತ್ತಿನಾದ್ಯಂತ ಪ್ರಚಾರ ಪಡೆದಿರುವ ಪೆರೊವ್‌ಸ್ಕೈಟ್ ಎಂಬ ವಸ್ತುವಿನ ಮಾತು ಬೇರೆ. ಅದರ ಅತ್ಯಂತ ಪರಿಚಿತ ಬಗೆಯೊಂದು ಸುಮಾರು 55 ಡಿಗ್ರಿಯಲ್ಲೇ ತನ್ನ ಹರಳಿನ ರೂಪವನ್ನು ಬದಲಿಸಿಬಿಡುತ್ತದೆ.

ಈ ವಸ್ತುವಿನಿಂದ ಸೌರಕೋಶ ಮಾತ್ರವಲ್ಲ, ಲೇಸರ್ ಕೂಡ ತಯಾರಾಗುತ್ತದೆ. 2025ರ ಆಗಸ್ಟ್‌ನಲ್ಲಿ ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದ ಸಂಶೋಧಕರು ವಿದ್ಯುತ್ತಿನಿಂದಲೇ ನಡೆಯುವ ಪೆರೊವ್‌ಸ್ಕೈಟ್ ಲೇಸರ್ ಸಾಧನದ ವಿವರವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದಾಗ, ಅಗ್ಗದ ಲೇಸರ್ ಯುಗ ಬಾಗಿಲಿಗೆ ಬಂದಿತೆಂಬ ಭಾವನೆ ಹಲವೆಡೆ ಮೂಡಿತು. ಭಾವನೆಗೆ ಆಧಾರವಿಲ್ಲವೆಂದಲ್ಲ. ಆದರೆ ಪ್ರಯೋಗಾಲಯದ ಬೆಳಕಿಗೂ ಬಯಲಿನ ಬಿಸಿಲಿಗೂ ನಡುವೆ ಶಾಖವೆಂಬ ದೊಡ್ಡ ಕಂದಕವಿದೆ. ಚಳ್ಳಕೆರೆಯ ಹುಲ್ಲುಗಾವಲನ್ನು ವಿಜ್ಞಾನಕ್ಕೆ ಬಿಟ್ಟುಕೊಟ್ಟಿರುವ ಈ ಜಿಲ್ಲೆಗೆ ಆ ಕಂದಕದ ಆಳವನ್ನು ಅರಿಯಬೇಕಾದ ಕಾರಣಗಳಿವೆ.

ಹಳೆಯ ಹೆಸರು, ಹೊಸ ವಸ್ತು

ಪೆರೊವ್‌ಸ್ಕೈಟ್ ಎಂಬುದು ಮೂಲತಃ ಒಂದು ಖನಿಜದ ಹೆಸರು. 1839ರಲ್ಲಿ ರಷ್ಯಾದ ಯುರಲ್ ಪರ್ವತ ಶ್ರೇಣಿಯಲ್ಲಿ ದೊರೆತ ಕ್ಯಾಲ್ಸಿಯಂ ಟೈಟನೇಟ್ ಖನಿಜವನ್ನು ಜರ್ಮನಿಯ ಗುಸ್ತಾವ್ ರೋಸ್ ಗುರುತಿಸಿ, ರಷ್ಯಾದ ಲೆವ್ ಪೆರೊವ್‌ಸ್ಕಿ ಅವರ ಹೆಸರನ್ನು ಅದಕ್ಕಿಟ್ಟರು. ಅದೇ ಬಗೆಯ ಹರಳಿನ ಜೋಡಣೆಯುಳ್ಳ ಎಲ್ಲ ವಸ್ತುಗಳಿಗೂ ಕಾಲಾನಂತರದಲ್ಲಿ ಈ ಹೆಸರೇ ನಿಂತಿತು.

ಕರ್ನಾಟಕಕ್ಕೆ ಈ ಹೆಸರು ಅಪರಿಚಿತವಲ್ಲ. ಭಾರತರತ್ನ ಪ್ರೊ. ಸಿ.ಎನ್.ಆರ್. ರಾವ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ದಶಕಗಳ ಕಾಲ ನಡೆಸಿದ ಘನಸ್ಥಿತಿ ರಸಾಯನಶಾಸ್ತ್ರದ ಸಂಶೋಧನೆಯಲ್ಲಿ ಪೆರೊವ್‌ಸ್ಕೈಟ್ ಆಕ್ಸೈಡ್‌ಗಳಿಗೆ ದೊಡ್ಡ ಪಾಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಪೆರೊವ್‌ಸ್ಕೈಟ್ ಸೌರಕೋಶಗಳ ಸಂಶೋಧನೆಯೂ ನಡೆದಿದೆ.

ಇಂದು ಸುದ್ದಿಯಲ್ಲಿರುವುದು ಆಕ್ಸೈಡ್ ಅಲ್ಲ, ಹ್ಯಾಲೈಡ್ ಬಗೆ. ಸೀಸ, ಅಯೋಡಿನ್ ಅಥವಾ ಬ್ರೋಮಿನ್, ಇವುಗಳ ನಡುವೆ ಮೀಥೈಲ್ ಅಮೋನಿಯಂನಂತಹ ಸಾವಯವ ಅಂಶ ಇಲ್ಲವೇ ಸೀಸಿಯಂ ಸೇರಿ ಆಗುವ ಅರೆವಾಹಕ ಇದು. 2009ರಲ್ಲಿ ಜಪಾನಿನ ಸುತೊಮು ಮಿಯಾಸಾಕಾ ಅವರ ತಂಡ ಇದನ್ನು ಮೊದಲ ಬಾರಿಗೆ ಸೌರಕೋಶದಲ್ಲಿ ಬಳಸಿದಾಗ ದೊರೆತ ದಕ್ಷತೆ ಶೇಕಡ 3.8 ಮಾತ್ರ. ಇಂದು ಸಿಲಿಕಾನ್‌ನೊಡನೆ ಜೋಡಿಸಿದ ಪೆರೊವ್‌ಸ್ಕೈಟ್ ಕೋಶಗಳು ಪ್ರಯೋಗಾಲಯದಲ್ಲಿ ಶೇಕಡ 34ನ್ನು ದಾಟಿವೆ. ಇಷ್ಟು ಅಲ್ಪಾವಧಿಯಲ್ಲಿ ಇಂಥ ಏರಿಕೆ ಕಂಡ ವಸ್ತು ಸೌರಶಕ್ತಿಯ ಚರಿತ್ರೆಯಲ್ಲಿ ಇನ್ನೊಂದಿಲ್ಲ.

ಬೆಳಕನ್ನು ಚೆನ್ನಾಗಿ ಹೀರಿ ವಿದ್ಯುತ್ತಾಗಿಸುವ ವಸ್ತು ವಿದ್ಯುತ್ತನ್ನು ಬೆಳಕಾಗಿಸುವುದರಲ್ಲೂ ಸಮರ್ಥವಾಗಿರಬೇಕು ಎಂಬುದು ಅರೆವಾಹಕ ವಿಜ್ಞಾನದ ಸಾಮಾನ್ಯ ತಿಳಿವಳಿಕೆ. ಹೀರಿದ ಶಕ್ತಿ ಶಾಖವಾಗಿ ಸೋರಿಹೋಗದಿರುವುದು ಎರಡಕ್ಕೂ ಮುಖ್ಯ. 2014ರಲ್ಲಿ ಸಿಂಗಪುರದ ನಾನ್‌ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯ ಹಾಗೂ ಇಂಗ್ಲೆಂಡಿನ ಕೇಂಬ್ರಿಜ್ ಮತ್ತು ಆಕ್ಸ್‌ಫರ್ಡ್ ಸಂಶೋಧಕರು ಸೌರಕೋಶದ ಅದೇ ಪದರಗಳಿಗೆ ಲೇಸರ್ ಬಡಿತಗಳನ್ನು ಹಾಯಿಸಿ, ಅವುಗಳಿಂದ ಉತ್ತೇಜಿತ ಬೆಳಕು ಹೊಮ್ಮುವುದನ್ನು ತೋರಿಸಿದರು. ಪೆರೊವ್‌ಸ್ಕೈಟ್ ಲೇಸರ್‌ನ ಓಟ ಆರಂಭವಾದದ್ದು ಅಲ್ಲಿಂದ.

ತಯಾರಿಕೆಗೆ ಒಲೆಯಷ್ಟೇ ಬಿಸಿ ಸಾಕು

ಈ ವಸ್ತುವಿನ ಮೇಲೆ ಇಷ್ಟು ಮೋಹ ಉಂಟಾಗಲು ಮುಖ್ಯ ಕಾರಣ ಅದರ ತಯಾರಿಕೆಯ ಸರಳತೆ. ಮೊಬೈಲ್ ಫೋನ್, ಸಿ.ಡಿ. ಪ್ಲೇಯರ್, ದೂರಸಂಪರ್ಕ ಜಾಲಗಳಲ್ಲಿ ಬಳಕೆಯಾಗುವ ಗ್ಯಾಲಿಯಂ ಆರ್ಸೆನೈಡ್‌ನಂತಹ ಅರೆವಾಹಕ ಲೇಸರ್‌ಗಳನ್ನು 600 ಡಿಗ್ರಿಯ ಆಸುಪಾಸು ಅಥವಾ ಅದಕ್ಕೂ ಮೇಲಿನ ಉಷ್ಣಾಂಶದಲ್ಲಿ, ಕೋಟ್ಯಂತರ ರೂಪಾಯಿ ಬೆಲೆಯ ಯಂತ್ರಗಳೊಳಗೆ, ಪರಮಾಣುಗಳ ಪದರದ ಮೇಲೆ ಪದರ ಕೂರಿಸಿ ಬೆಳೆಸಬೇಕು. ಪೆರೊವ್‌ಸ್ಕೈಟ್‌ಗೆ ಆ ಆಡಂಬರ ಬೇಡ.

ಸೀಸದ ಅಯೋಡೈಡ್ ಹಾಗೂ ಮೀಥೈಲ್ ಅಮೋನಿಯಂ ಅಯೋಡೈಡ್ ಲವಣಗಳನ್ನು ದ್ರಾವಕದಲ್ಲಿ ಕರಗಿಸಲಾಗುತ್ತದೆ. ಶುಚಿಗೊಳಿಸಿದ ಗಾಜಿನ ತುಂಡನ್ನು ತಿರುಗುವ ಯಂತ್ರದ ಮೇಲೆ ಕೂರಿಸಿ, ಮೇಲೆ ಕೆಲವು ಹನಿ ದ್ರಾವಣ ಹಾಕಿ, ನಿಮಿಷಕ್ಕೆ ಕೆಲವು ಸಾವಿರ ಸುತ್ತಿನ ವೇಗದಲ್ಲಿ ತಿರುಗಿಸಿದರೆ ದ್ರಾವಣ ಸಮನಾಗಿ ಹರಡುತ್ತದೆ. ಇದಕ್ಕೆ ಸ್ಪಿನ್ ಕೋಟಿಂಗ್ ಎಂದು ಹೆಸರು. ತಿರುಗುತ್ತಿರುವಾಗಲೇ ನಿಗದಿತ ಕ್ಷಣದಲ್ಲಿ ಇನ್ನೊಂದು ದ್ರವವನ್ನು ಹನಿಸಿದರೆ ಕರಗಿದ್ದ ಲವಣಗಳು ಒಮ್ಮೆಲೇ ಹರಳುಗಟ್ಟಲಾರಂಭಿಸುತ್ತವೆ. ಬಳಿಕ ಸುಮಾರು 100 ಡಿಗ್ರಿ ಬಿಸಿಯ ತಟ್ಟೆಯ ಮೇಲೆ ಹತ್ತಾರು ನಿಮಿಷ ಇಟ್ಟರೆ ದ್ರಾವಕ ಆರಿ, ಕಪ್ಪು ಮಿರುಗಿನ ತೆಳುಪದರ ಉಳಿಯುತ್ತದೆ. ಅದರ ದಪ್ಪ ಕೆಲವು ನೂರು ನ್ಯಾನೊಮೀಟರ್. ಅಂದರೆ ತಲೆಗೂದಲಿನ ದಪ್ಪದ ನೂರರಲ್ಲಿ ಒಂದು ಪಾಲಿಗೂ ಕಡಿಮೆ.

ಕೇಳಲು ಇದು ಕಾವಲಿಯ ಮೇಲೆ ಹಿಟ್ಟು ಹರಡಿದಷ್ಟು ಸುಲಭ. ಹಿಟ್ಟಿನ ಹದ ತಪ್ಪಿದರೆ ದೋಸೆ ಏಳದಂತೆ ಇಲ್ಲಿಯೂ ಹದವೇ ಎಲ್ಲ. ಎರಡನೆಯ ದ್ರವ ಹನಿಸುವುದು ಕೆಲವು ಸೆಕೆಂಡು ತಡವಾದರೆ ಪದರದಲ್ಲಿ ಸೂಜಿಮೊನೆಯಂಥ ರಂಧ್ರಗಳು ಮೂಡುತ್ತವೆ. ಗಾಳಿಯ ತೇವ ಹರಳನ್ನು ಕೆಡಿಸುವುದರಿಂದ ಬಹುಪಾಲು ಕೆಲಸವನ್ನು ಸಾರಜನಕ ತುಂಬಿದ ಗಾಜಿನ ಪೆಟ್ಟಿಗೆಯೊಳಗೆ ಕೈಗವಸು ತೂರಿಸಿ ಮಾಡಬೇಕಾಗುತ್ತದೆ. ಸೌರಕೋಶ ಸಹಿಸಿಕೊಳ್ಳುವ ಅಲ್ಪಸ್ವಲ್ಪ ಒರಟುತನವನ್ನು ಲೇಸರ್ ಸಹಿಸುವುದಿಲ್ಲ. ಒರಟಾದ ಮೇಲ್ಮೈ ಬೆಳಕನ್ನು ಚದುರಿಸಿ, ಲೇಸರ್‌ಗೆ ಬೇಕಾದ ಶಕ್ತಿಯನ್ನು ವ್ಯರ್ಥ ಮಾಡುತ್ತದೆ.

ಪದರವೊಂದೇ ಲೇಸರ್ ಆಗದು. ಹೊಮ್ಮಿದ ಬೆಳಕು ಹಿಂದಕ್ಕೂ ಮುಂದಕ್ಕೂ ಚಲಿಸಿ ಮತ್ತೆ ಮತ್ತೆ ಪದರವನ್ನು ಹಾಯುವಂತೆ ಮಾಡುವ ರಚನೆ ಬೇಕು. ಎರಡು ಕನ್ನಡಿಗಳ ನಡುವೆ ಪದರವನ್ನು ಇರಿಸುವುದು ಒಂದು ವಿಧಾನ. ಪದರದ ಕೆಳಗೋ ಅದರ ಮೈಮೇಲೆಯೋ ಸುಮಾರು 400 ನ್ಯಾನೊಮೀಟರ್ ಅಂತರದ ಸೂಕ್ಷ್ಮ ಗೆರೆಗಳನ್ನು ಮೂಡಿಸುವುದು ಇನ್ನೊಂದು. ಜರ್ಮನಿಯ ಸಂಶೋಧಕರು 2017ರಲ್ಲಿ ತೋರಿಸಿದಂತೆ, ಗೆರೆಯ ಅಚ್ಚನ್ನು ಬಿಸಿ ಮಾಡಿ ಪದರದ ಮೇಲೆ ಒತ್ತಿದರೆ ಗೆರೆಗಳೂ ಮೂಡುತ್ತವೆ, ಒರಟು ಮೇಲ್ಮೈಯೂ ನಯವಾಗುತ್ತದೆ. ಕಡಿಮೆ ಬಿಸಿಗೆ ಬಗ್ಗುವ ಗುಣವೇ ಇಲ್ಲಿ ವರವಾಗಿದೆ.

ಈ ವರದ ಆರ್ಥಿಕ ಮಹತ್ವ ದೊಡ್ಡದು. ಕಂಪ್ಯೂಟರ್ ಚಿಪ್‌ಗಳ ಮೂಲವಸ್ತುವಾದ ಸಿಲಿಕಾನ್‌ಗೆ ಬೆಳಕು ಸೂಸುವ ಶಕ್ತಿ ಇಲ್ಲವೆಂಬಷ್ಟು ಕಡಿಮೆ. ಚಿಪ್‌ನೊಳಗೆ ಲೋಹದ ತಂತಿಗಳನ್ನು ಹಾಸಿದ ಮೇಲೆ ಅದನ್ನು ಸುಮಾರು 400 ಡಿಗ್ರಿಗಿಂತ ಹೆಚ್ಚು ಕಾಯಿಸುವಂತಿಲ್ಲ. ಹಾಗಾಗಿ 600 ಡಿಗ್ರಿಯ ಲೇಸರ್‌ಗಳನ್ನು ನೇರವಾಗಿ ಅದರ ಮೇಲೆ ಬೆಳೆಸಲಾಗದು. ನೂರು ಡಿಗ್ರಿಯಲ್ಲಿ ಸಿದ್ಧವಾಗುವ ಪದರಕ್ಕೆ ಆ ಅಡ್ಡಿಯಿಲ್ಲ. ಚಿಪ್‌ನಿಂದ ಚಿಪ್‌ಗೆ ತಂತಿಯ ಬದಲು ಬೆಳಕಿನಲ್ಲೇ ಮಾಹಿತಿ ಸಾಗಿಸುವ ಕನಸಿಗೆ ಪೆರೊವ್‌ಸ್ಕೈಟ್ ಒದಗಿಬಂದಿರುವುದು ಈ ಕಾರಣಕ್ಕೆ.

ವರವೇ ಶಾಪವಾಗುವ ಬಗೆ

ನೂರು ಡಿಗ್ರಿಯಲ್ಲಿ ಹುಟ್ಟುವ ಹರಳು ನೂರು ಡಿಗ್ರಿಯ ಸಮೀಪದಲ್ಲೇ ಸಡಿಲವಾಗತೊಡಗುವುದು ಆಶ್ಚರ್ಯವಲ್ಲ. ಪರಮಾಣುಗಳನ್ನು ಹಿಡಿದಿರುವ ಬಂಧ ದುರ್ಬಲವಾದ್ದರಿಂದಲೇ ತಯಾರಿಕೆ ಸುಲಭ. ಬಂಧ ದುರ್ಬಲವಾದ್ದರಿಂದಲೇ ಬಾಳಿಕೆ ಕಷ್ಟ. ಶಾಖ ಒಡ್ಡುವ ಮಿತಿಗಳನ್ನು ಬಿಡಿಸಿ ನೋಡಿದರೆ ಸಮಸ್ಯೆ ಒಂದಲ್ಲ, ಹಲವು ಎಂಬುದು ಸ್ಪಷ್ಟವಾಗುತ್ತದೆ.

ಮೊದಲನೆಯದು ಹೊಸ್ತಿಲಿನ ಏರಿಕೆ. ಪ್ರತಿ ಲೇಸರ್‌ಗೂ ಒಂದು ಹೊಸ್ತಿಲು ಮಟ್ಟವಿರುತ್ತದೆ. ಒದಗಿಸಿದ ಶಕ್ತಿ ಅದನ್ನು ದಾಟಿದಾಗ ಮಾತ್ರ ಲೇಸರ್ ಬೆಳಕು ಹೊಮ್ಮುತ್ತದೆ. ಬಿಸಿ ಹೆಚ್ಚಿದಂತೆ ಪದರದೊಳಗಿನ ಎಲೆಕ್ಟ್ರಾನ್‌ಗಳು ವಿವಿಧ ಶಕ್ತಿಮಟ್ಟಗಳಿಗೆ ಚದುರಿಹೋಗುತ್ತವೆ. ಒಂದೇ ಬಣ್ಣದ ಬೆಳಕಿಗೆ ಒಟ್ಟಾಗಿ ದುಡಿಯುವವುಗಳ ಸಂಖ್ಯೆ ಇಳಿದು, ಹೊಸ್ತಿಲು ಮೇಲೇರುತ್ತದೆ. ಅದನ್ನು ದಾಟಿಸಲು ಹೆಚ್ಚು ಶಕ್ತಿ ಕೊಟ್ಟರೆ ಪದರ ಮತ್ತಷ್ಟು ಕಾಯುತ್ತದೆ.

ಎರಡನೆಯದು ಶಾಖ ಹೊರಹೋಗದಿರುವುದು. ಮೀಥೈಲ್ ಅಮೋನಿಯಂ ಲೆಡ್ ಅಯೋಡೈಡ್ ಶಾಖವನ್ನು ಸಾಮಾನ್ಯ ಗಾಜಿಗಿಂತಲೂ ಕಡಿಮೆ ಸಾಗಿಸುತ್ತದೆ. ಸಿಲಿಕಾನ್‌ಗೆ ಹೋಲಿಸಿದರೆ ಅದರ ಶಾಖವಾಹಕತೆ ನೂರರಲ್ಲಿ ಒಂದು ಪಾಲೂ ಇಲ್ಲ. ಬೆಳಕು ಹೊಮ್ಮುವ ಸ್ಥಳದಲ್ಲೇ ಶಾಖ ಗುಡ್ಡೆಬೀಳುತ್ತದೆ. ಗಾಜಿನ ಬದಲು ಶಾಖವನ್ನು ಬೇಗ ಒಯ್ಯುವ ನೀಲಮಣಿ ಅಥವಾ ಸಿಲಿಕಾನ್ ಫಲಕದ ಮೇಲೆ ಪದರ ಹರಡುವುದು ಇದಕ್ಕೆ ಅನುಸರಿಸುತ್ತಿರುವ ಪರಿಹಾರ.

ಮೂರನೆಯದು ರೂಪಾಂತರ. ಇದೇ ವಸ್ತು ಶೂನ್ಯಕ್ಕಿಂತ ಕೆಳಗೆ ಸುಮಾರು 113 ಡಿಗ್ರಿಯಲ್ಲಿ ಒಂದು ಹರಳು ರೂಪದಿಂದ ಇನ್ನೊಂದಕ್ಕೂ, ಸುಮಾರು 55 ಡಿಗ್ರಿಯಲ್ಲಿ ಮತ್ತೊಂದಕ್ಕೂ ಬದಲಾಗುತ್ತದೆ. ಪ್ರತಿ ಬದಲಾವಣೆಯಲ್ಲೂ ಹೊಮ್ಮುವ ಬೆಳಕಿನ ಗುಣ ಬದಲಾಗುವ ಸಂಭವವಿದೆ. ಜೊತೆಗೆ ಪೆರೊವ್‌ಸ್ಕೈಟ್ ಬಿಸಿಗೆ ಗಾಜಿಗಿಂತ ಹಲವು ಪಟ್ಟು ಹೆಚ್ಚು ಹಿಗ್ಗುವುದರಿಂದ, ಹಗಲು ಕಾದು ರಾತ್ರಿ ತಣಿಯುವ ಕಡೆ ಪದರ ಮತ್ತು ಫಲಕದ ನಡುವೆ ಸೆಳೆತ ಉಂಟಾಗಿ ಬಿರುಕು ಮೂಡಬಹುದು.

ನಾಲ್ಕನೆಯದು ವಿಘಟನೆ. ಮೀಥೈಲ್ ಅಮೋನಿಯಂ ಸಾವಯವ ಅಂಶವಾದ್ದರಿಂದ 85 ಡಿಗ್ರಿಯಲ್ಲಿ ದೀರ್ಘಕಾಲ ಇಟ್ಟರೆ ಅನಿಲವಾಗಿ ಹೊರಬೀಳುತ್ತದೆ. ಉಳಿಯುವುದು ಹಳದಿ ಬಣ್ಣದ ಸೀಸದ ಅಯೋಡೈಡ್. ಸಾವಯವ ಅಂಶದ ಸ್ಥಾನದಲ್ಲಿ ಸೀಸಿಯಂ ಇರಿಸಿದ ಬ್ರೋಮೈಡ್ ಬಗೆ 500 ಡಿಗ್ರಿ ದಾಟಿದರೂ ಕರಗದಷ್ಟು ಗಟ್ಟಿ. ಅದು ಸೂಸುವುದು ಹಸಿರು ಬೆಳಕು. ಕೆಂಪಿನ ಕಡೆಗೆ ಬೆಳಕು ಬೇಕೆಂದು ಸೀಸಿಯಂ ಅಯೋಡೈಡ್ ಬಗೆಯನ್ನು ಆರಿಸಿದರೆ, ಅದರ ಕಪ್ಪು ಹರಳು ಕೊಠಡಿ ಉಷ್ಣಾಂಶದಲ್ಲಿ ನಿಲ್ಲದೆ ನಿಷ್ಪ್ರಯೋಜಕ ಹಳದಿ ರೂಪಕ್ಕೆ ಜಾರುತ್ತದೆ.

ಐದನೆಯದಾಗಿ, ವಿದ್ಯುತ್ ಹರಿದಾಗ ಹರಳಿನೊಳಗಿನ ಅಯಾನುಗಳೇ ಜಾಗ ಬಿಟ್ಟು ಚಲಿಸತೊಡಗುತ್ತವೆ. ಬಿಸಿ ಏರಿದಷ್ಟೂ ಈ ಚಲನೆ ವೇಗ ಪಡೆಯುತ್ತದೆ. ವಿದ್ಯುತ್ತಿನಿಂದ ನೇರವಾಗಿ ಪೆರೊವ್‌ಸ್ಕೈಟ್ ಲೇಸರ್ ನಡೆಸುವ ಯತ್ನಗಳಿಗೆ ಬಿದ್ದ ದೊಡ್ಡ ಪೆಟ್ಟು ಇದೇ.

ಶೀತದಿಂದ ಕೊಠಡಿಗೆ ಬಂದ ದಾರಿ

2014ರ ಬಳಿಕದ ಪ್ರಗತಿಯನ್ನು ಈ ಮಿತಿಗಳ ಹಿನ್ನೆಲೆಯಲ್ಲಿಯೇ ಅಳೆಯಬೇಕಾಗುತ್ತದೆ. ಆರಂಭದ ಪ್ರಯೋಗಗಳೆಲ್ಲ ಅತ್ಯಲ್ಪಾವಧಿಯ ಬೆಳಕಿನ ಬಡಿತಗಳಿಂದ ನಡೆದವು. ಬಡಿತ ಬಡಿತದ ನಡುವೆ ಪದರಕ್ಕೆ ತಣಿಯಲು ಬಿಡುವು ದೊರೆಯುತ್ತಿತ್ತು. ಬಿಡುವಿಲ್ಲದೆ ಶಕ್ತಿ ಒದಗಿಸಿದೊಡನೆ ಲೇಸರ್ ಕ್ಷಣಾರ್ಧದಲ್ಲಿ ನಂದಿಹೋಗುತ್ತಿತ್ತು.

2017ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯ ಮತ್ತು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮೊದಲ ಬಾರಿಗೆ ಒಂದು ಗಂಟೆಗೂ ಹೆಚ್ಚು ಕಾಲ ನಿರಂತರ ಲೇಸರ್ ಹೊಮ್ಮಿಸಿದರು. ಆದರೆ ಅದಕ್ಕಾಗಿ ಪದರವನ್ನು ಶೂನ್ಯಕ್ಕಿಂತ ಕೆಳಗೆ ಸುಮಾರು 171 ಡಿಗ್ರಿಗೆ ತಣಿಸಬೇಕಾಯಿತು. ಕುತೂಹಲದ ಸಂಗತಿಯೆಂದರೆ, ಅಲ್ಲಿ ನೆರವಿಗೆ ಬಂದದ್ದು ಹರಳಿನ ರೂಪಾಂತರವೇ. ಶೀತಲ ರೂಪದ ಹರಳಿನ ನಡುವೆ ಇನ್ನೊಂದು ರೂಪದ ಸಣ್ಣ ಸಣ್ಣ ತಾಣಗಳು ಉಳಿದು, ಎಲೆಕ್ಟ್ರಾನ್‌ಗಳು ತಗ್ಗಿಗೆ ನೀರು ಹರಿದಂತೆ ಅಲ್ಲಿಗೆ ಜಮಾಯಿಸಿದ್ದವು.

ಮೂರು ವರ್ಷಗಳ ಬಳಿಕ, 2020ರಲ್ಲಿ, ಜಪಾನಿನ ಕ್ಯುಶು ವಿಶ್ವವಿದ್ಯಾಲಯದ ಚಿಹಾಯಾ ಅಡಾಚಿ ಮತ್ತು ಚೀನಾದ ಸಂಶೋಧಕರನ್ನೊಳಗೊಂಡ ತಂಡ ಕೊಠಡಿಯ ಉಷ್ಣಾಂಶದಲ್ಲಿ, ಬಯಲು ಗಾಳಿಯಲ್ಲೇ, ಒಂದು ಗಂಟೆಗೂ ಹೆಚ್ಚು ಕಾಲ ಹಸಿರು ಲೇಸರ್ ನಿಲ್ಲಿಸಿ ತೋರಿತು. ತೆಳುಹಾಳೆಗಳನ್ನು ಪೇರಿಸಿದಂತಹ ಪೆರೊವ್‌ಸ್ಕೈಟ್ ಬಗೆಯನ್ನು ಅವರು ಬಳಸಿದ್ದರು. ಲೇಸರ್ ನಂದಲು ಶಾಖವೊಂದೇ ಕಾರಣವಲ್ಲ, ಬೆಳಕಾಗದೆ ಬಹುಕಾಲ ಉಳಿದು ಅಡ್ಡಗಾಲು ಹಾಕುವ ‘ಟ್ರಿಪ್ಲೆಟ್’ ಎಂಬ ಸ್ಥಿತಿಯೂ ಕಾರಣ ಎಂಬುದನ್ನು ಅವರು ಗುರುತಿಸಿದರು. ಸೂಕ್ತ ಸಾವಯವ ಅಂಶದ ಆಯ್ಕೆಯಿಂದ ಆ ಅಡ್ಡಿ ನಿವಾರಣೆಯಾಯಿತು.

ಈ ಎಲ್ಲ ಪ್ರಯೋಗಗಳಲ್ಲೂ ಪೆರೊವ್‌ಸ್ಕೈಟ್‌ಗೆ ಶಕ್ತಿ ನೀಡಿದ್ದು ಇನ್ನೊಂದು ಲೇಸರ್. 2025ರ ಝೆಜಿಯಾಂಗ್ ಸಾಧನೆಯ ವಿಶೇಷ ಇರುವುದು ಇಲ್ಲಿ. ಅದರಲ್ಲಿ ಒಂದರ ಮೇಲೊಂದು ಎರಡು ಭಾಗಗಳಿವೆ. ಒಂದು, ವಿದ್ಯುತ್ತಿನಿಂದ ಪ್ರಖರ ಬೆಳಕು ಸೂಸುವ ಪೆರೊವ್‌ಸ್ಕೈಟ್ ಎಲ್.ಇ.ಡಿ. ಇನ್ನೊಂದು, ಆ ಬೆಳಕನ್ನು ಹೀರಿ ಲೇಸರ್ ಹೊಮ್ಮಿಸುವ ಪೆರೊವ್‌ಸ್ಕೈಟ್ ಒಂಟಿಹರಳು. ಹೊರಗಿನ ಲೇಸರ್‌ನ ಹಂಗಿಲ್ಲದೆ ಕೇವಲ ವಿದ್ಯುತ್ತಿನಿಂದ ಇಡೀ ಸಾಧನ ನಡೆಯುತ್ತದೆ ಎಂಬುದು ನಿಜ.

ಆದರೆ ಇದರ ಅಂಕಿಗಳನ್ನೂ ಗಮನಿಸಬೇಕು. ಸೆಕೆಂಡಿಗೆ 10ರಂತೆ ವಿದ್ಯುತ್ ಬಡಿತ ನೀಡಿದಾಗ, ಸಾಧನದ ಬೆಳಕು ಅರ್ಧಕ್ಕಿಳಿಯಲು ಹಿಡಿದ ಕಾಲ 1.8 ಗಂಟೆ, ಅಂದರೆ ಸುಮಾರು 64 ಸಾವಿರ ಬಡಿತ. ನಿರಂತರ ವಿದ್ಯುತ್ತಿನಿಂದ ನಡೆಯುವ ಸಾಧನ ಇದಲ್ಲ. ಲೇಸರ್ ಹೊಮ್ಮಿಸುವ ಭಾಗಕ್ಕೆ ವಿದ್ಯುತ್ ನೇರವಾಗಿ ಹರಿಯುವುದೂ ಇಲ್ಲ. ಲೇಸರ್ ನೀಡುತ್ತಿರುವುದು ಒಂಟಿಹರಳೇ ಹೊರತು ಗಾಜಿನ ಮೇಲೆ ಹನಿಸಿ ತಿರುಗಿಸಿದ ಅಗ್ಗದ ಪದರವಲ್ಲ. ಸಾಧನೆ ದೊಡ್ಡದು, ಅದನ್ನು ಮಾರುಕಟ್ಟೆಯ ಸುದ್ದಿಯಾಗಿ ಓದುವುದು ಅವಸರವಾದೀತು.

ಹಾಗೆಂದು ನಿರಾಶೆಗೂ ಕಾರಣವಿಲ್ಲ. ಅರೆವಾಹಕ ಲೇಸರ್‌ನ ಚರಿತ್ರೆ ಇಂಥದ್ದೇ ಘಟ್ಟವನ್ನು ಹಿಂದೊಮ್ಮೆ ದಾಟಿದೆ. 1962ರಲ್ಲಿ ಅಮೆರಿಕದಲ್ಲಿ ಮೊದಲ ಗ್ಯಾಲಿಯಂ ಆರ್ಸೆನೈಡ್ ಲೇಸರ್ ಬೆಳಗಿದ್ದು ದ್ರವ ಸಾರಜನಕದ ಶೀತದಲ್ಲಿ, ಅದೂ ಬಡಿತಗಳ ರೂಪದಲ್ಲಿ. ಬಿಸಿ ತಾಳದೆಂಬ ಕಾರಣಕ್ಕೆ ಅದನ್ನು ಪ್ರಯೋಗಾಲಯದ ಆಟಿಕೆಯೆಂದು ಕಂಡವರೂ ಇದ್ದರು. ಎರಡು ಭಿನ್ನ ಅರೆವಾಹಕಗಳ ನಡುವೆ ಎಲೆಕ್ಟ್ರಾನ್‌ಗಳನ್ನು ಕೂಡಿಹಾಕುವ ಉಪಾಯ 1963ರಲ್ಲಿ ಹೊಳೆಯಿತು. 1970ರಲ್ಲಿ ಸೋವಿಯತ್ ಒಕ್ಕೂಟದ ಝೊರೆಸ್ ಆಲ್ಫೆರೊವ್ ತಂಡವೂ ಅಮೆರಿಕದ ಬೆಲ್ ಪ್ರಯೋಗಾಲಯವೂ ಕೊಠಡಿ ಉಷ್ಣಾಂಶದಲ್ಲಿ ನಿರಂತರ ಲೇಸರ್ ಸಾಧಿಸಿದವು. ಆಲ್ಫೆರೊವ್ ಹಾಗೂ ಹರ್ಬರ್ಟ್ ಕ್ರೋಮರ್ 2000ದಲ್ಲಿ ನೊಬೆಲ್ ಪ್ರಶಸ್ತಿಗೆ ಭಾಜನರಾದರು. ಇಂದು ಹಳ್ಳಿಯ ಅಂಗಡಿಗೂ ಇಂಟರ್‌ನೆಟ್ ತಲುಪಿಸುತ್ತಿರುವ ಗಾಜಿನ ಎಳೆಗಳಲ್ಲಿ ಓಡುವುದು ಅದೇ ಪರಂಪರೆಯ ಲೇಸರ್ ಬೆಳಕು.

ಆದರೆ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಗ್ಯಾಲಿಯಂ ಆರ್ಸೆನೈಡ್ ಹರಳು ಸ್ವಭಾವತಃ ಗಟ್ಟಿ. ಅಲ್ಲಿ ಗೆಲ್ಲಬೇಕಾಗಿದ್ದುದು ಹೊಸ್ತಿಲಿನ ಸಮಸ್ಯೆ. ಪೆರೊವ್‌ಸ್ಕೈಟ್‌ನಲ್ಲಿ ಹೊಸ್ತಿಲಿನ ಜೊತೆಗೆ ವಸ್ತುವಿನ ಬಾಳಿಕೆಯನ್ನೂ ಗೆಲ್ಲಬೇಕು.

ಬಿಸಿಲ ನಾಡಿನ ಪ್ರಶ್ನೆ

ಲೇಸರ್‌ನ ಈ ಕಥೆ ಕೊಳವೆಬಾವಿಯನ್ನು ನಂಬಿದ ಜಿಲ್ಲೆಗೆ ಏಕೆ ಬೇಕು? ಲೇಸರ್‌ನಲ್ಲಿ ಗಂಟೆಗಳಲ್ಲಿ ಬಯಲಾಗುವ ದೌರ್ಬಲ್ಯಗಳೇ ಸೌರಫಲಕದಲ್ಲಿ ವರ್ಷಗಳ ಮೇಲೆ ಬಯಲಾಗುತ್ತವೆ. ಎರಡಕ್ಕೂ ಒಂದೇ ಪದರ, ಒಂದೇ ಶತ್ರು.

ಪೆರೊವ್‌ಸ್ಕೈಟ್ ಫಲಕ ಈಗ ಮಾರುಕಟ್ಟೆಯ ಅಂಗಳಕ್ಕೆ ಕಾಲಿಟ್ಟಿದೆ. ಬ್ರಿಟನ್ ಮೂಲದ ಆಕ್ಸ್‌ಫರ್ಡ್ ಪಿ.ವಿ. ಕಂಪನಿ ಸಿಲಿಕಾನ್–ಪೆರೊವ್‌ಸ್ಕೈಟ್ ಜೋಡಿ ಫಲಕಗಳ ಮೊದಲ ವಾಣಿಜ್ಯ ಸರಕನ್ನು 2024ರಲ್ಲಿ ಅಮೆರಿಕಕ್ಕೆ ಕಳಿಸಿತು. ಭಾರತದಲ್ಲಿ ಮುಂಬೈ ಐ.ಐ.ಟಿ. ಸೇರಿದಂತೆ ಹಲವು ಸಂಸ್ಥೆಗಳು ಈ ದಿಕ್ಕಿನಲ್ಲಿ ದುಡಿಯುತ್ತಿವೆ. ಇಂದಲ್ಲ ನಾಳೆ ಇವು ಮಧ್ಯ ಕರ್ನಾಟಕದ ಬಯಲಿಗೂ ಬರುವುದು ಖಚಿತ. ಹಿರಿಯೂರಿನ ನೆರೆಯ ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿವೆ. ಗಾಳಿ ಮತ್ತು ಬಿಸಿಲು ಈ ಸೀಮೆಯ ಹೊಸ ಬೆಳೆಗಳಾಗಿವೆ.

ಹೊಸ ಫಲಕದ ಪರವಾಗಿ ಹೇಳಬೇಕಾದ ಮಾತೊಂದಿದೆ. ಸಿಲಿಕಾನ್ ಫಲಕ 25 ಡಿಗ್ರಿಯ ಮೇಲೆ ಏರುವ ಪ್ರತಿ ಡಿಗ್ರಿಗೂ ತನ್ನ ಉತ್ಪಾದನೆಯ ಶೇಕಡ 0.3ರಿಂದ 0.4ರಷ್ಟನ್ನು ಕಳೆದುಕೊಳ್ಳುತ್ತದೆ. 65 ಡಿಗ್ರಿಗೆ ಕಾದ ಫಲಕದ ನಷ್ಟ ಶೇಕಡ 12ರಿಂದ 16. ಪೆರೊವ್‌ಸ್ಕೈಟ್‌ನಲ್ಲಿ ಈ ತಕ್ಷಣದ ನಷ್ಟ ಅದಕ್ಕಿಂತ ಕಡಿಮೆ. ಬಿಸಿಲ ನಾಡಿಗೆ ಇದು ಲಾಭದ ಬಾಬ್ತು. ಆದರೆ ಬಿಸಿಯಲ್ಲಿ ಚೆನ್ನಾಗಿ ದುಡಿಯುವುದು ಬೇರೆ, ಬಿಸಿಯಲ್ಲಿ ಬಹುಕಾಲ ಬದುಕುವುದು ಬೇರೆ. ಮೊದಲನೆಯದರ ಅಂಕಿ ತೋರಿಸಿ ಎರಡನೆಯದನ್ನು ಮರೆಸುವ ಮಾರಾಟಗಾರರು ನಾಳೆ ಬಾಗಿಲಿಗೆ ಬಂದಾಗ, ‘ಎಷ್ಟು ವರ್ಷ, ಎಷ್ಟು ಡಿಗ್ರಿಯಲ್ಲಿ’ ಎಂಬ ಎರಡು ಪ್ರಶ್ನೆಗಳನ್ನು ಕೇಳುವ ಅರಿವು ರೈತನಿಗಿರಬೇಕು.

ಅಂತರರಾಷ್ಟ್ರೀಯ ಮಾನದಂಡದಂತೆ ಯಾವುದೇ ಫಲಕ 85 ಡಿಗ್ರಿ ಶಾಖ ಮತ್ತು ಶೇಕಡ 85ರ ತೇವದಲ್ಲಿ ಒಂದು ಸಾವಿರ ಗಂಟೆ ಉಳಿಯಬೇಕು. ಸಿಲಿಕಾನ್‌ನ ಸ್ವಭಾವಕ್ಕೆ ಹೊಂದಿಸಿದ ಪರೀಕ್ಷೆ ಇದು. ಅಯಾನು ಚಲಿಸುವ, ಹಗಲು ಕೆಟ್ಟು ರಾತ್ರಿ ಕೊಂಚ ಚೇತರಿಸಿಕೊಳ್ಳುವ ಪೆರೊವ್‌ಸ್ಕೈಟ್‌ಗೆ ಇಷ್ಟೇ ಸಾಲದೆಂದು ಸಂಶೋಧಕರು 2020ರಲ್ಲಿ ಒಮ್ಮತದ ಪರೀಕ್ಷಾ ಕ್ರಮವೊಂದನ್ನು ಪ್ರಕಟಿಸಿದರು. ನಿಜವಾದ ಬಿಸಿಲಿನಲ್ಲಿ ಹೊರಗಿಟ್ಟು ತಿಂಗಳುಗಟ್ಟಲೆ ಅಳೆಯುವುದು ಅದರ ಮುಖ್ಯ ಭಾಗಗಳಲ್ಲೊಂದು. ಯುರೋಪಿನ ತಂಪು ಆಗಸದ ಕೆಳಗೆ ದೊರೆತ ಅಂಕಿ ಹೊಳಲ್ಕೆರೆಯ ಮೇ ತಿಂಗಳಿಗೆ ಉತ್ತರವಾಗದು.

ಪರೀಕ್ಷೆಯ ನೆಲಕ್ಕೆ ಸಲ್ಲಬೇಕಾದುದು

ಪರೀಕ್ಷೆಯ ನೆಲವಾಗಿ ಈ ಜಿಲ್ಲೆ ಈಗಾಗಲೇ ಹೆಸರು ಮಾಡಿದೆ. ಚಳ್ಳಕೆರೆ ತಾಲ್ಲೂಕಿನ ಡಿ.ಆರ್.ಡಿ.ಒ. ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಗೊಂಡಿತು. ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು 2023ರ ಏಪ್ರಿಲ್‌ನಲ್ಲಿ ಒಮ್ಮೆ, 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಎರಡು ಬಾರಿ ಅಲ್ಲಿಯೇ ಇಳಿಸಿ ಪರೀಕ್ಷಿಸಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆಯ ಆವರಣವಿದೆ. ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರ 2011ರಿಂದ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಗಳ ತರಬೇತಿ ನೀಡುತ್ತ ಬಂದಿದೆ.

ಇದೆಲ್ಲದರ ಹಿಂದೆ ಒಂದು ತ್ಯಾಗವಿದೆ. ವಿವಿಧ ಸಂಸ್ಥೆಗಳಿಗೆ ಹಂಚಿಕೆಯಾದ ಸುಮಾರು ಹತ್ತು ಸಾವಿರ ಎಕರೆ ಅಮೃತಮಹಲ್ ಕಾವಲು, ತಲೆಮಾರುಗಳಿಂದ ದನ ಕುರಿ ಮೇಯಿಸಿ, ಕಂಬಳಿ ನೇಯ್ದು ಬದುಕಿದವರ ಆಸರೆಯಾಗಿತ್ತು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಏರಿತ್ತು. ಹುಲ್ಲುಗಾವಲು ಕೊಟ್ಟವರಿಗೆ ವಿಜ್ಞಾನನಗರಿಯಿಂದ ಏನು ಬಂತು ಎಂಬ ಪ್ರಶ್ನೆ ಹಳ್ಳಿಗಳಲ್ಲಿ ಇನ್ನೂ ಜೀವಂತವಾಗಿದೆ. ವಿಮಾನ ಹಾರಿದ್ದು, ವಾಹನ ಇಳಿದದ್ದು ಹೆಮ್ಮೆಯ ಸಂಗತಿಗಳೇ. ಆದರೆ ಬೇಲಿಯಾಚೆ ನಿಂತು ನೋಡುವ ಹೆಮ್ಮೆಯಿಂದ ಹೊಟ್ಟೆ ತುಂಬುವುದಿಲ್ಲ.

ಪೆರೊವ್‌ಸ್ಕೈಟ್‌ನ ವಿಷಯದಲ್ಲಿ ಬೇಲಿಯ ಆಚೆಗೂ ಹಂಚಬಹುದಾದ ಕೆಲಸವಿದೆ. ಲೇಸರ್ ತಯಾರಿಸುವ ಸ್ವಚ್ಛಕೊಠಡಿ ಬೆಂಗಳೂರಿನಲ್ಲೇ ಇರಲಿ. ಅದು ಕೋಟಿಗಳ ಮಾತು. ಪದರಗಳನ್ನು ಬಿಸಿಲಿಗೆ ಒಡ್ಡಿ, ಗಂಟೆಗೊಮ್ಮೆ ಉಷ್ಣಾಂಶ, ಬೆಳಕು, ವಿದ್ಯುತ್ ಅಳೆದು ವರ್ಷಗಳ ದಾಖಲೆ ಇಡುವ ಕೆಲಸಕ್ಕೆ ಬೇಕಾದುದು ಬಯಲು, ಬಿಸಿಲು, ಶಿಸ್ತು ಮತ್ತು ತರಬೇತಿ ಪಡೆದ ಕೈಗಳು. ಬಯಲಿಗೂ ಬಿಸಿಲಿಗೂ ಇಲ್ಲಿ ಕೊರತೆಯಿಲ್ಲ. ಚಿತ್ರದುರ್ಗ, ಚಳ್ಳಕೆರೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಪದವಿ ಕಾಲೇಜುಗಳಲ್ಲಿ ವಿಜ್ಞಾನ ಓದುವ ಮಕ್ಕಳಿದ್ದಾರೆ. ಪದವಿ ಮುಗಿದೊಡನೆ ಬೆಂಗಳೂರಿನ ಬಸ್ಸು ಹತ್ತುವ ಈ ಯುವಜನರಿಗೆ ತಮ್ಮದೇ ನೆಲದ ಬಿಸಿಲನ್ನು ಅಳೆಯುವ ಕೆಲಸ ಸಿಗುವಂತಾದರೆ ವಿಜ್ಞಾನನಗರಿ ಎಂಬ ಹೆಸರಿಗೆ ಅರ್ಥ ಬಂದೀತು. ಶಿಕ್ಷಕರಿಗೆ ತರಬೇತಿ ನೀಡುವ ವ್ಯವಸ್ಥೆ ಕುದಾಪುರದಲ್ಲಿ ಸಿದ್ಧವಿರುವಾಗ, ಅದನ್ನು ಕಾಲೇಜು ವಿದ್ಯಾರ್ಥಿಗಳ ಅಳತೆ ಕೆಲಸಕ್ಕೂ ವಿಸ್ತರಿಸುವುದು ಅಸಾಧ್ಯದ ಮಾತಲ್ಲ. ಜಿಲ್ಲೆಯ ಜನಪ್ರತಿನಿಧಿಗಳು ಕೇಳಬೇಕಾಗಿದೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಈ ಪದರದಲ್ಲಿ ಸೀಸವಿದೆ, ಮತ್ತು ಅದು ನೀರಿನಲ್ಲಿ ಕರಗುವ ರೂಪದಲ್ಲಿದೆ. ಲೇಸರ್‌ನಲ್ಲಿ ಅದರ ಪ್ರಮಾಣ ನಗಣ್ಯ. ಸಾವಿರಾರು ಎಕರೆಯ ಫಲಕಗಳ ಮಾತು ಹಾಗಲ್ಲ. ಆಲಿಕಲ್ಲಿಗೆ ಒಡೆದ, ಬಾಳಿಕೆ ಮುಗಿದು ಮೂಲೆಗೆ ಬಿದ್ದ ಫಲಕದಿಂದ ಸೀಸ ಮಣ್ಣಿಗೆ ಇಳಿಯದಂತೆ ನೋಡಿಕೊಳ್ಳುವ ಹೊಣೆ ಯಾರದು ಎಂಬುದು ಫಲಕ ಹೂಡುವ ಮೊದಲೇ ಕರಾರಿನಲ್ಲಿ ಬರೆಯಬೇಕಾದ ಸಂಗತಿ. ಅದಿರು ಗಣಿಗಾರಿಕೆ ಮಿತಿಮೀರಿ, 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯುವ ತನಕ ದೂಳು ಕುಡಿದ ಜಿಲ್ಲೆಗೆ, ಹೊಣೆಯನ್ನು ಆಮೇಲೆ ಹುಡುಕುವುದರ ಬೆಲೆ ಏನೆಂದು ಗೊತ್ತಿದೆ.

ಪೆರೊವ್‌ಸ್ಕೈಟ್ ಲೇಸರ್ ಇಂದು ನಿಂತಿರುವುದು 1960ರ ದಶಕದ ಅರೆವಾಹಕ ಲೇಸರ್ ನಿಂತಿದ್ದ ಹೊಸ್ತಿಲಿನಲ್ಲಿ. ಮೂರು ವರ್ಷಗಳಲ್ಲಿ ಶೀತಪೆಟ್ಟಿಗೆಯಿಂದ ಕೊಠಡಿಗೆ ಬಂದ ಬೆಳಕು, ಕೊಠಡಿಯಿಂದ ಬಯಲಿಗೆ ಬರಲು ಎಷ್ಟು ಕಾಲ ಹಿಡಿದೀತೆಂಬುದನ್ನು ನಿರ್ಧರಿಸುವುದು ಶಾಖ. ಆ ತೀರ್ಪು ಹೊರಬೀಳುವುದು ಇಂಥ ಬಿಸಿಲಿನ ನೆಲದಲ್ಲೇ. ಅದನ್ನು ಬರೆದಿಡುವ ಕೈಗಳು ಈ ನೆಲದವೇ ಆಗಿರಬೇಕೆಂದು ಬಯಸುವುದು ದುರಾಸೆಯಲ್ಲ.